ದಮ್ಮಿರುವ ಆಂಪ್ಲಿಫೈಯರ್

ಜಾತ್ರೆಯ ಆರ್ಕೆಸ್ಟ್ರಾ ಇರಲಿ, ಗಣೇಶನ ಮೆರವಣಿಗೆ ಇರಲಿ, ನಮ್ಮ ಸೌಂಡ್‌ನವರು ಸಬ್‌ವೂಫರ್‌ಗೆಂದು ಆಂಪ್ಲಿಫೈಯರ್ ಕೊಳ್ಳಲು ಹೋದಾಗ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವ್ಯಾಟು?’, ಎರಡನೆಯದು ‘ಎಷ್ಟು ರೇಟು?’. ಹದಿನೆಂಟು ಇಂಚಿನ ಕೋನನ್ನು 40 ಹರ್ಟ್ಸ್‌ನಲ್ಲಿ ರಾತ್ರಿಯಿಡೀ ದೂಡಿ ಎಳೆಯಬೇಕಾದ ಯಂತ್ರವನ್ನು ಅಳೆಯಲು ಈ ಎರಡು ಪ್ರಶ್ನೆ ಸಾಲವು.

ರೂಢಿಯಲ್ಲಿ ಹುರುಳಿಲ್ಲವೆಂದಲ್ಲ. ‘ಸ್ಪೀಕರಿನ ಎರಡು ಪಟ್ಟು ವ್ಯಾಟಿನ ಆಂಪ್ಲಿಫೈಯರ್ ಹಾಕು’ ಎಂಬ ಸೂತ್ರಕ್ಕೆ ಆಧಾರವಿದೆ. ಎಇಎಸ್ ಮಾನದಂಡದ ಪ್ರಕಾರ ಡ್ರೈವರನ್ನು ಎರಡು ಗಂಟೆ ಪಿಂಕ್ ನಾಯ್ಸ್ ಕೊಟ್ಟು ಪರೀಕ್ಷಿಸುತ್ತಾರೆ. ಅದರ ಶಿಖರ ಸರಾಸರಿಗಿಂತ 6 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು, ಮೇಲಿರುತ್ತದೆ. 1000 ವ್ಯಾಟಿನ ಡ್ರೈವರ್ ಕ್ಷಣಮಾತ್ರ 4000 ವ್ಯಾಟ್ ತಾಳಿಕೊಳ್ಳುತ್ತದೆ. 2000 ವ್ಯಾಟಿನ ಆಂಪ್ಲಿಫೈಯರಿನ ಶಿಖರವೂ ಅಷ್ಟೇ. ಡ್ರಮ್ ಸೆಟ್, ಬೇಸ್ ಗಿಟಾರ್‌ಗಳ ಕಾರ್ಯಕ್ರಮಕ್ಕೆ ಈ ಜೋಡಿ ಹೊಂದುತ್ತದೆ. ಆದರೆ ಕಂಪ್ರೆಸ್ ಮಾಡಿ ಗಟ್ಟಿಯಾಗಿಸಿದ ಡಿಜೆ ಟ್ರ್ಯಾಕ್ ಹಾಕಿ, ಕ್ಲಿಪ್ ಲೈಟು ಆರದಂತೆ ಓಡಿಸಿದರೆ ಅದೇ ಯಂತ್ರ ಸರಾಸರಿಯಲ್ಲೇ 2000 ವ್ಯಾಟನ್ನು ಮುಟ್ಟಬಲ್ಲದು. ಕಾಯಿಲ್ ಸುಡುವುದು ಆಗಲೇ. ‘ಆಂಪ್ಲಿಫೈಯರ್ ಚಿಕ್ಕದಾಗಿತ್ತು, ಅದಕ್ಕೇ ಸ್ಪೀಕರ್ ಹೋಯಿತು’ ಎನ್ನುವವರು ಇದನ್ನು ಮರೆಯುತ್ತಾರೆ. ಸುಡುವುದು ಕಾಯಿಲ್ ತಾಳುವುದಕ್ಕಿಂತ ಹೆಚ್ಚಾದ ಸರಾಸರಿ ಶಕ್ತಿ.

ಇನ್ನು ಕ್ಯಾಟಲಾಗಿನ ಅಂಕಿ. ‘ನಾಲ್ಕು ಚಾನಲ್, ಒಟ್ಟು 10,000 ವ್ಯಾಟ್’ ಎಂದು ಬರೆದ ಹಗುರ ಪೆಟ್ಟಿಗೆಯ ಹಿಂದೆ ಇರುವುದು ಒಂದು 16 ಆಂಪಿಯರ್ ಪ್ಲಗ್ ಎಂದುಕೊಳ್ಳಿ. 230 ವೋಲ್ಟಿನಲ್ಲಿ ಅದರಿಂದ ಬರುವುದು 3680 ವ್ಯಾಟ್. ಉಳಿದದ್ದನ್ನು ಒಳಗಿನ ಕೆಪಾಸಿಟರ್‌ಗಳ ದಾಸ್ತಾನಿನಿಂದ ಕೊಡಬೇಕು. ಹಾಡುಗಾರರ ದನಿಗೆ, ಕಿಕ್ ಡ್ರಮ್ಮಿನ ಒಂದು ಪೆಟ್ಟಿಗೆ ಆ ದಾಸ್ತಾನು ಸಾಕು. ಎರಡು ಸೆಕೆಂಡ್ ಎಳೆಯುವ ಬೇಸ್ ಸ್ವರಕ್ಕೆ ಅದು ನಡುವೆಯೇ ಬರಿದಾಗುತ್ತದೆ. ಸ್ವರ ಜೋರಾಗಿ ಶುರುವಾಗಿ ಸೊರಗುತ್ತದೆ. ಜನರೇಟರಿನ ವೋಲ್ಟೇಜ್ ಕುಸಿದರೆ ಇನ್ನೂ ಬೇಗ. 1 ಕಿಲೋಹರ್ಟ್ಸ್‌ನ ಕಿರು ಪರೀಕ್ಷೆಯಲ್ಲಿ ಬಂದ ಅಂಕಿ ಈ ಕೊರತೆಯನ್ನು ತೋರಿಸುವುದೇ ಇಲ್ಲ. ಹಾಗೆಂದು ಭಾರವಾದ ಹಳೆಯ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರೇ ಶ್ರೇಷ್ಠವೆನ್ನುವುದೂ ಕುರುಡು ನಂಬಿಕೆ. ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುವ ಒಳ್ಳೆಯ ಕ್ಲಾಸ್ ಡಿ ಯಂತ್ರ ಅಷ್ಟೇ ಲೈನಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ.

ಮೂರನೆಯ ಎಡವಟ್ಟು ಓಮಿನದು. ಒಂದೇ ಚಾನಲ್‌ಗೆ 8 ಓಮಿನ ನಾಲ್ಕು ಸಬ್ ಕಟ್ಟಿ, 2 ಓಮಿನಲ್ಲಿ ಓಡಿಸುವುದನ್ನು ಉಳಿತಾಯ ಎನ್ನುತ್ತಾರೆ. 2.5 ಚದರ ಮಿಲಿಮೀಟರಿನ 30 ಮೀಟರ್ ಕೇಬಲ್ ಹೋಗಿ ಬರುವಷ್ಟರಲ್ಲಿ ಸುಮಾರು 0.4 ಓಮ್ ರೋಧ ಸೇರುತ್ತದೆ. 4 ಓಮಿನ ಲೋಡಿಗೆ ತಲುಪುವ ಶಕ್ತಿ ಇದರಿಂದ ಆರನೇ ಒಂದು ಭಾಗದಷ್ಟು ಇಳಿದರೆ, 2 ಓಮಿಗೆ ಇಳಿಯುವುದು ಹತ್ತಿರಹತ್ತಿರ ಮೂರನೇ ಒಂದು ಭಾಗ. ಡ್ಯಾಂಪಿಂಗ್ ಫ್ಯಾಕ್ಟರ್ 500 ಎಂದು ಹೆಮ್ಮೆಪಡುವ ಯಂತ್ರವೂ ಆ ತಂತಿಯ ತುದಿಯಲ್ಲಿ ಹತ್ತರೊಳಗೆ ಬಂದು ನಿಲ್ಲುತ್ತದೆ. ಬ್ರಿಜ್ ಮಾಡಿ 4 ಓಮ್ ಹಾಕಿದರೂ ಪ್ರತಿ ಚಾನಲ್‌ಗೆ ಕಾಣುವುದು 2 ಓಮೇ.

ಇಷ್ಟೆಲ್ಲ ಮಾಡಿ ವ್ಯಾಟನ್ನು ಇಮ್ಮಡಿಸಿದರೆ ಸಿಗುವ ಲಾಭ 3 ಡೆಸಿಬೆಲ್. ಕಾಯಿಲ್ 200 ಡಿಗ್ರಿ ಬಿಸಿ ಏರಿದರೆ ತಾಮ್ರದ ರೋಧ ಮುಕ್ಕಾಲು ಪಾಲಿಗೂ ಮೀರಿ ಹೆಚ್ಚುತ್ತದೆ; ಆ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ. ಅದೇ ದುಡ್ಡಿನಲ್ಲಿ ಇನ್ನೊಂದು ಸಬ್ಬನ್ನು ಪಕ್ಕಕ್ಕಿಟ್ಟು ಅಷ್ಟೇ ವೋಲ್ಟೇಜ್ ಕೊಟ್ಟರೆ ತಗ್ಗು ಸ್ವರಗಳಲ್ಲಿ 6 ಡೆಸಿಬೆಲ್ ಹತ್ತಿರ ಏರುತ್ತದೆ.

ಆಂಪ್ಲಿಫೈಯರನ್ನು ಸ್ಪೀಕರಿನೊಳಗೇ ಇಟ್ಟು ಕೊಡುವ ಮೆಯರ್ ಸೌಂಡಿನಂಥ ಕಂಪನಿಗಳು ಈ ಲೆಕ್ಕಾಚಾರವನ್ನು ಗ್ರಾಹಕರ ಕೈಯಿಂದಲೇ ತೆಗೆದುಬಿಟ್ಟಿವೆ. ತಾಂತ್ರಿಕವಾಗಿ ಅದು ನೇರವಾದ ದಾರಿ. ಆದರೆ ದೂರದೂರಿನ ಬಯಲಲ್ಲಿ ನಡುರಾತ್ರಿ ಆಂಪ್ಲಿಫೈಯರ್ ಕೈಕೊಟ್ಟರೆ ಅದರೊಂದಿಗೆ ಸಬ್ಬೂ ಮೂಕವಾಗುತ್ತದೆ. ರ‍್ಯಾಕಿನಲ್ಲಿದ್ದದ್ದಾದರೆ ಹತ್ತು ನಿಮಿಷದಲ್ಲಿ ಬದಲಿಸಬಹುದು. ಬಾಡಿಗೆ ಸೌಂಡಿನವರಿಗೆ ಪ್ರತ್ಯೇಕ ಆಂಪ್ಲಿಫೈಯರ್ ಇನ್ನೂ ಲೇಸೆಂದು ನಾನು ಹೇಳುವುದು ಈ ಕಾರಣಕ್ಕೆ. ಅದಕ್ಕೊಂದು ಷರತ್ತು ಉಂಟು: ಮುಂದೆ ಪ್ರೊಸೆಸರ್ ಇರಬೇಕು. 8 ಓಮಿನ, 1000 ವ್ಯಾಟಿನ ಸಬ್ಬಿಗೆ ದೀರ್ಘಕಾಲದ ಲಿಮಿಟರ್ 89 ವೋಲ್ಟಿನಲ್ಲಿ ಬಿಗಿಯಬೇಕು. ಪೋರ್ಟ್ ಇರುವ ಪೆಟ್ಟಿಗೆ ಟ್ಯೂನಿಂಗಿಗಿಂತ ಕೆಳಗೆ ಕೋನಿನ ಮೇಲೆ ಹಿಡಿತ ಕಳೆದುಕೊಳ್ಳುವುದರಿಂದ ಹೈಪಾಸ್ ಫಿಲ್ಟರ್ ಕಡ್ಡಾಯ.

ದುಡ್ಡು ಮಿತಿಯದಾದರೆ ನನ್ನ ಸರದಿ ಇದು: ಮೊದಲು ಪ್ರೊಸೆಸರ್, ಆಮೇಲೆ ದಪ್ಪ ಮತ್ತು ಗಿಡ್ಡ ಕೇಬಲ್, ಅನಂತರ 4 ಓಮಿನಲ್ಲಿ ನಿರಾಳವಾಗಿ ಓಡುವ ಆಂಪ್ಲಿಫೈಯರ್. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೂ ಬದಲಾಗಲಿ: ‘ಎಲ್ಲ ಚಾನಲ್ ಒಟ್ಟಿಗೆ ಓಡುವಾಗ, 40 ಹರ್ಟ್ಸ್‌ನಲ್ಲಿ, ಎಷ್ಟು ವ್ಯಾಟು, ಎಷ್ಟು ಸೆಕೆಂಡು?’ ಇದಕ್ಕೆ ಬರಹದಲ್ಲಿ ಉತ್ತರ ಕೊಡದ ಯಂತ್ರವನ್ನು ಮಿಡ್‌ಗೆ ಇಟ್ಟುಕೊಳ್ಳಿ, ಬೇಸ್‌ಗೆ ಬೇಡ.