ಇಂಗ್ಲಿಷ್ ದೈನಿಕದ ಚರಿತ್ರೆ: ಕೂಡ್ಲಿಗಿ ಕಡೆಯಿಂದ ಒಂದು ಓದು

ಪತ್ರಿಕೆಗಳು ತಮ್ಮ ಚರಿತ್ರೆಯನ್ನು ಹೇಳಿಕೊಳ್ಳುವುದಕ್ಕೆ ಒಂದು ರೂಢಿಯಿದೆ. ಬೆಳ್ಳಿಹಬ್ಬವೋ ಅಮೃತ ಮಹೋತ್ಸವವೋ ಬಂದಾಗ ವಿಶೇಷ ಪುರವಣಿ ಹೊರಬರುತ್ತದೆ. ಸ್ಥಾಪಕರ ಭಾವಚಿತ್ರ, ಸಂಪಾದಕರ ಸಾಲು, ಅಚ್ಚುಮೊಳೆಯಿಂದ ಕಂಪ್ಯೂಟರಿನವರೆಗೆ ನಡೆದು ಬಂದ ದಾರಿ, ಗಣ್ಯರ ಶುಭಾಶಯ. ಇಷ್ಟಕ್ಕೆ ಚರಿತ್ರೆ ಮುಗಿಯುತ್ತದೆ. ಆ ಪತ್ರಿಕೆಯನ್ನು ಎಂದೂ ಓದದಿದ್ದರೂ ಅದು ಬರೆದದ್ದರ ಫಲ ಉಂಡವರು ಇದರಲ್ಲಿ ಎಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. 2023ಕ್ಕೆ ಎಪ್ಪತ್ತೈದು ತುಂಬಿದ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಬಗ್ಗೆ ನಾವು ಕೇಳಬೇಕಾದದ್ದೂ ಇದನ್ನೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ನೋಡಿದರೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಈ ಸೀಮೆಗೂ ಪತ್ರಿಕೆಗಳಿಗೂ ನಂಟು ಹಳೆಯದು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಮರುವರ್ಷವೇ ಅದು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಬಂತು. ಕನ್ನಡ ಪತ್ರಿಕೋದ್ಯಮದ ಎರಡನೆಯ ಮನೆ ನಮ್ಮ ಬಳ್ಳಾರಿ ಎಂದರೆ ತಪ್ಪಾಗಲಾರದು. ಆದರೆ ಅಧಿಕಾರ ಓದುತ್ತಿದ್ದುದು ಕನ್ನಡವನ್ನಲ್ಲ. ಬಳ್ಳಾರಿ ಜಿಲ್ಲೆ ಮದರಾಸು ಆಡಳಿತಕ್ಕೆ ಸೇರಿತ್ತು. ಆ ರಾಜಧಾನಿಯ ಭಾರತೀಯ ದನಿಯೆಂದು ಹೆಸರಾದದ್ದು 1878ರ ಸೆಪ್ಟೆಂಬರ್ 20ರಂದು ವಾರಪತ್ರಿಕೆಯಾಗಿ ಹುಟ್ಟಿ, 1889ರಲ್ಲಿ ದೈನಿಕವಾದ ‘ದಿ ಹಿಂದೂ’. ಅದರ ಸ್ಥಾಪಕರಲ್ಲಿ ಒಬ್ಬರಾದ ಜಿ. ಸುಬ್ರಹ್ಮಣ್ಯ ಅಯ್ಯರ್ 1882ರಲ್ಲಿ ತಮಿಳಿನ ‘ಸ್ವದೇಶಮಿತ್ರನ್’ ಆರಂಭಿಸಿದರು. ಸರ್ಕಾರಕ್ಕೆ ಇಂಗ್ಲಿಷಿನಲ್ಲಿ, ಜನಕ್ಕೆ ತಮಿಳಿನಲ್ಲಿ ಮಾತಾಡಬೇಕೆಂಬುದು ಅವರಿಗೆ ಗೊತ್ತಿತ್ತು. ಆದರೆ ಹಡಗಲಿ, ಹರಪನಹಳ್ಳಿಯ ರೈತನಿಗೆ ಇವೆರಡೂ ಪರಭಾಷೆಗಳೇ.

ಡೆಕ್ಕನ್ ಹೆರಾಲ್ಡ್ ಹುಟ್ಟಿದ್ದು 1948ರ ಜೂನ್ 17ರಂದು. ಸ್ಥಾಪಕರಾದ ಕೆ.ಎನ್. ಗುರುಸ್ವಾಮಿ ಬಳ್ಳಾರಿ ಮೂಲದವರು, ಅಬಕಾರಿ ವ್ಯವಹಾರದಲ್ಲಿ ಸಂಪಾದಿಸಿದವರು, ಈಡಿಗ ಸಮುದಾಯದವರು. ಮೊದಲ ಸಂಪಾದಕ ಪೋತನ್ ಜೋಸೆಫ್ ಕೇರಳದ ಕ್ರೈಸ್ತರು. 1940ರ ದಶಕದ ಆರಂಭದಲ್ಲಿ ಅವರು ದೆಹಲಿಯಲ್ಲಿ ಜಿನ್ನಾ ಅವರ ‘ಡಾನ್’ ಪತ್ರಿಕೆಯನ್ನು ಸಂಪಾದಿಸಿದ್ದರು. ದೇಶ ವಿಭಜನೆಯಾದ ಮರುವರ್ಷವೇ ಅಂಥವರನ್ನು ಕರೆದು ಸಂಪಾದಕರ ಕುರ್ಚಿಯಲ್ಲಿ ಕೂರಿಸಿದ್ದು ಸಣ್ಣ ಮಾತಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯಿಂದ ‘ಪ್ರಜಾವಾಣಿ’ ಬಂತು. ಒಂದೇ ಸೂರಿನಡಿ ಎರಡು ಭಾಷೆಯ ಪತ್ರಿಕೆಗಳು ನಿಂತವು. ಇಷ್ಟು ತೆರೆದ ಮನಸ್ಸಿನ ಆರಂಭ ಎಷ್ಟು ಪತ್ರಿಕೆಗಳಿಗೆ ಸಿಕ್ಕೀತು?

ಆಗ ಗುರುಸ್ವಾಮಿಯವರ ತವರು ಜಿಲ್ಲೆ ಅವರ ಪತ್ರಿಕೆಯಿದ್ದ ಮೈಸೂರು ರಾಜ್ಯದೊಳಗೆ ಇರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿಗಾಗಿ ದೊಡ್ಡ ಜಗ್ಗಾಟವೇ ನಡೆದು, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ನಂತರ ಅದು ಮೈಸೂರಿಗೆ ಬಂತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಕನ್ನಡದವೇ ಎಂಬುದರಲ್ಲಿ ತಕರಾರು ಇರಲಿಲ್ಲ. ತಕರಾರಿಲ್ಲದ ಊರಿಗೆ ಸುದ್ದಿಯಲ್ಲಿ ಜಾಗ ಕಡಿಮೆ. ರಾಜಧಾನಿ ಮದರಾಸಿನಿಂದ ಬೆಂಗಳೂರಿಗೆ ಬದಲಾಯಿತು, ಅಧಿಕಾರಿಯ ಮೇಜಿನ ಮೇಲಿನ ಇಂಗ್ಲಿಷ್ ಪತ್ರಿಕೆಯೂ ಬದಲಾಯಿತು. ನಮ್ಮ ಜನ ಮಾತ್ರ ಆಗಲೂ ಈಗಲೂ ಆ ಪುಟಗಳಲ್ಲಿ ಅಪರೂಪದ ಅತಿಥಿಗಳು.

ಇಲ್ಲೊಂದು ಆಕ್ಷೇಪ ಬರಬಹುದು. ಕೂಡ್ಲಿಗಿಯ ಸುದ್ದಿ ಪ್ರಜಾವಾಣಿಯಲ್ಲಿ ಬರುತ್ತದಲ್ಲ, ಇಂಗ್ಲಿಷಿನಲ್ಲಿ ಯಾಕೆ ಬೇಕು? ಬೇಕು. ಕನ್ನಡದಲ್ಲಿ ಬಂದದ್ದನ್ನು ಊರು ಓದುತ್ತದೆ, ಇಂಗ್ಲಿಷಿನಲ್ಲಿ ಬಂದದ್ದನ್ನು ವಿಧಾನಸೌಧವೂ ದೆಹಲಿಯೂ ಓದುತ್ತವೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಿಗೆ ಬಳ್ಳಾರಿಯೆಂದರೆ ಗಣಿಯಾಗಿಹೋಯಿತು. ಗಣಿ ಅಕ್ರಮವನ್ನು ಬಯಲಿಗೆ ತಂದದ್ದು ಒಳ್ಳೆಯದೇ. ಆದರೆ ಆ ಧೂಳು ಎದ್ದದ್ದು ಮುಖ್ಯವಾಗಿ ಸಂಡೂರು, ಹೊಸಪೇಟೆ, ಬಳ್ಳಾರಿಗಳ ಅದಿರಿನ ಬೆಟ್ಟಗಳಲ್ಲಿ. ಪಶ್ಚಿಮದ ತಾಲ್ಲೂಕುಗಳದು ಮಳೆಯನ್ನು ನಂಬಿದ ಜೋಳ, ಶೇಂಗಾದ ಬದುಕು. ಮಳೆ ಕೈಕೊಟ್ಟರೆ ಗುಳೆ. 2002ರ ನಂಜುಂಡಪ್ಪ ಸಮಿತಿ ವರದಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದ್ದು, ಮತ್ತೆ ಬಳ್ಳಾರಿಗೆ ತಂದದ್ದು, 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದದ್ದು, ಇವೆಲ್ಲ ಕಚೇರಿ, ಮೀಸಲಾತಿ, ಆಸ್ಪತ್ರೆಗಳ ಪ್ರಶ್ನೆಗಳು. ‘ಗಣಿ ನಾಡು’ ಎಂಬ ಒಂದು ತಲೆಬರಹ ಇವೆಲ್ಲವನ್ನೂ ಮುಚ್ಚಿಬಿಟ್ಟಿತು.

ಸುದ್ದಿಯಾಗದೆ ಉಳಿದವರ ನಷ್ಟ ಒಂದು ಬಗೆಯದು. ತಾವು ಓದದ ಪುಟಕ್ಕಾಗಿ ಬೆಲೆ ತೆತ್ತವರ ನಷ್ಟ ಇನ್ನೊಂದು ಬಗೆಯದು. 1986ರ ಡಿಸೆಂಬರ್ 7ರ ಭಾನುವಾರದ ಪುರವಣಿಯಲ್ಲಿ ಡೆಕ್ಕನ್ ಹೆರಾಲ್ಡ್ ಮಲಯಾಳಂ ಮೂಲದ ಕಥೆಯೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಶೀರ್ಷಿಕೆಯಲ್ಲಿದ್ದ ಹೆಸರು ಪ್ರವಾದಿಯವರಿಗೆ ಮಾಡಿದ ಅವಮಾನವೆಂದು ಮುಸ್ಲಿಮರಿಗೆ ಕಂಡಿತು. ಪತ್ರಿಕೆ ಕ್ಷಮೆ ಕೇಳಿತು. ಅಷ್ಟರಲ್ಲಿ ಬೆಂಗಳೂರು ಹೊತ್ತಿಕೊಂಡಿತ್ತು, ಬೆಂಕಿ ಮೈಸೂರಿಗೂ ಹಬ್ಬಿತು. ಗಲಭೆ ಮತ್ತು ಗೋಲಿಬಾರಿನಲ್ಲಿ ಹನ್ನೆರಡಕ್ಕೂ ಹೆಚ್ಚು ಜನ ಸತ್ತರು.

ಆ ದಿನಗಳಲ್ಲಿ ಬೀದಿಗೆ ಬಂದವರಲ್ಲಿ ಕಥೆ ಓದಿದ್ದವರು ಎಷ್ಟು ಜನ ಇದ್ದಾರು? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಹತ್ತಿರ ನಿಂತವರಿಗೆ ಕೇಳಿಸುತ್ತದೆ, ದೂರದವರಿಗೆ ಬಾಯಿಂದ ಬಾಯಿಗೆ ಮುಟ್ಟುತ್ತದೆ. ಮನೆಗೆ ಹೋಗುವ ಹೊತ್ತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. 1986ರಲ್ಲಿ ಆದದ್ದೂ ಹೀಗೆಯೇ, ಆದರೆ ಅಲ್ಲಿ ಅರ್ಥ ಹೇಳಿದವರು ಕೆಲವರು, ಜೀವ ಕೊಟ್ಟವರು ಬೇರೆ ಕೆಲವರು. ಒಂದು ಕಥೆಗೆ ಕಲ್ಲು, ಬೆಂಕಿ ಉತ್ತರವಲ್ಲ. ಈ ಮಾತನ್ನು ನಾವು ನಮ್ಮವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಓದದವರನ್ನು ಓದಿದವರ ಹೆಸರಿನಲ್ಲಿ ಕೆರಳಿಸುವುದು ಸಮುದಾಯದ ಸೇವೆಯಲ್ಲ.

ಹಾಗೆಂದು ಪತ್ರಿಕೆಯ ಹೊಣೆ ಕ್ಷಮೆಯೊಂದಿಗೆ ತೀರುವುದಿಲ್ಲ. ಆ ಹೆಸರು ಶಿವಾಜಿನಗರದ ಓಣಿಯಲ್ಲಿ, ಕೊಟ್ಟೂರಿನ ಪಿಂಜಾರರ ಮನೆಯಲ್ಲಿ ಹೇಗೆ ಕೇಳಿಸೀತು ಎಂದು ಅಚ್ಚಿಗೆ ಮುನ್ನ ಕೇಳುವವರು ಬೇಕಿತ್ತು. ಇದು ಕಥೆಗಾರನ ಸ್ವಾತಂತ್ರ್ಯವನ್ನು ಕಸಿಯುವ ಮಾತಲ್ಲ. ಸಂಪಾದಕೀಯ ಕೋಣೆಯಲ್ಲಿ ಯಾವ ಯಾವ ಬದುಕಿನ ಅನುಭವ ಕುಳಿತಿದೆ ಎಂಬ ಮಾತು. ಪೋತನ್ ಜೋಸೆಫರನ್ನು ಕರೆತಂದ ಸಂಸ್ಥೆಗೆ ಇದು ಹೊಸ ಪಾಠವೇನಲ್ಲ, ತನ್ನದೇ ಹಳೆಯ ಪಾಠ.

ಆದ್ದರಿಂದ ಪತ್ರಿಕೆಯ ಚರಿತ್ರೆ ಬರೆಯುವವರು ಯಂತ್ರಗಳ ಜೊತೆಗೆ ಇದನ್ನೂ ದಾಖಲಿಸಬೇಕು. 1986ರ ಅಧ್ಯಾಯವನ್ನು ಕಂಪನಿಯ ಕಷ್ಟಕಾಲವೆಂದು ಎರಡು ಸಾಲಿನಲ್ಲಿ ದಾಟಿದರೆ ಸಾಲದು. ಸತ್ತವರ ಕಡೆಯಿಂದಲೂ ಅದನ್ನು ಬರೆಯಬೇಕು. 1953ರಿಂದ ಈಚೆಗೆ ಕೂಡ್ಲಿಗಿ, ಹರಪನಹಳ್ಳಿಗಳು ಎಷ್ಟು ಸಲ, ಯಾವ ಕಾರಣಕ್ಕೆ ಆ ಪುಟಗಳಲ್ಲಿ ಬಂದಿವೆ ಎಂಬುದನ್ನು ಹಳೆಯ ಸಂಚಿಕೆಗಳಿಂದ ಎಣಿಸಿ ತೆಗೆಯಬಹುದು. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಕೆಲಸ.

ನಮ್ಮ ಪಾಲಿನ ಕೆಲಸವೂ ಇದೆ. ಈ ಐದು ತಾಲ್ಲೂಕುಗಳ ಮಕ್ಕಳು, ಮುಸ್ಲಿಂ ಮಕ್ಕಳೂ ಸೇರಿ, ಇಂಗ್ಲಿಷ್ ಪತ್ರಿಕೆಯ ಮೇಜಿನ ಆಚೆ ಬದಿಗೆ ಹೋಗಿ ಕೂರಬೇಕು. ಗುಳೆ ಹೋಗುವವರ ಲೆಕ್ಕ ಗೊತ್ತಿರುವವರು, ಮೊಹರಂನಲ್ಲಿ ಊರಿಗೆ ಊರೇ ಅಲಾಯಿಯ ಸುತ್ತ ಕುಣಿಯುವುದನ್ನು ಕಂಡವರು ಅಲ್ಲಿದ್ದರೆ, ಅಚ್ಚಿಗೆ ಹೋಗುವ ಮುನ್ನವೇ ಕೆಲವು ಪ್ರಶ್ನೆಗಳು ಏಳುತ್ತವೆ. ಮುಂದಿನ ಹಬ್ಬದ ಪುರವಣಿಯಲ್ಲಿ ಆ ಪ್ರಶ್ನೆಗಳಿಗೂ ಒಂದು ಪುಟ ಸಿಗಲಿ.