ದಂಡಿನ ನೆಲಕ್ಕೆ ಮಿತಿ ಹಾಕದ ಪತ್ರ

1881ರಲ್ಲಿ ಬ್ರಿಟಿಷರು ಮೈಸೂರನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಒಪ್ಪಿಸಿದರು. ಆಗ ಬರೆದ ಹಸ್ತಾಂತರ ಪತ್ರವನ್ನು ರಾಜ್ಯ ಮರಳಿ ಸಿಕ್ಕ ದಾಖಲೆಯೆಂದೇ ನಾವು ಓದುತ್ತ ಬಂದಿದ್ದೇವೆ. ಅದರಲ್ಲಿ ಸೇನಾ ನೆಲದ ಕಲಮನ್ನಷ್ಟೇ ಬಿಡಿಸಿ ಓದಿದರೆ ಕೊಟ್ಟದ್ದು ಎಷ್ಟು, ಇಟ್ಟುಕೊಂಡದ್ದು ಎಷ್ಟು ಎಂಬುದು ತಿಳಿಯುತ್ತದೆ.

ಆ ಕಲಮಿನ ಪ್ರಕಾರ ಕಂಟೋನ್ಮೆಂಟ್, ಅಂದರೆ ದಂಡು, ಎಲ್ಲಿ ಬೇಕು, ಯಾವಾಗ ಬೇಕು ಎಂದು ತೀರ್ಮಾನಿಸುವವರು ಗವರ್ನರ್ ಜನರಲ್ ಮತ್ತು ಅವರ ಮಂಡಳಿ. ಮಹಾರಾಜರು ನೆಲವನ್ನು ಪುಕ್ಕಟೆ ಕೊಡಬೇಕು, ಅಲ್ಲಿನ ಅಧಿಕಾರವನ್ನೂ ಬಿಡಬೇಕು. ದಂಡಿಗೆ ತಾಗಿದ ತಮ್ಮದೇ ನೆಲದಲ್ಲೂ ಮಂಡಳಿ ಹೇಳಿದ ನೈರ್ಮಲ್ಯದ ಕೆಲಸ ಮಾಡಿಸಬೇಕು. ಪಡೆಗೆ ತರಿಸಿದ ಸಾಮಾನಿಗೆ ಬ್ರಿಟಿಷರು ಒಪ್ಪದೆ ಸುಂಕ ಹಾಕುವಂತಿಲ್ಲ. ಸುಂಕದವರೆಗೂ ಯೋಚಿಸಿದ ಕೈ, ಎಷ್ಟು ನೆಲ ಸಾಕು ಎಂಬಲ್ಲಿ ಸುಮ್ಮನಾಗಿದೆ. ಅಗತ್ಯವನ್ನು ಹೇಳುವವನೂ ಅಳೆಯುವವನೂ ಪಡೆಯುವವನೂ ಒಬ್ಬನೇ ಆದಾಗ ಅದನ್ನು ಒಪ್ಪಂದ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇದೇ ಪತ್ರ ಮೈಸೂರಿನ ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಿತು. ಹಣವೂ ನಮ್ಮದೇ, ನೆಲವೂ ನಮ್ಮದೇ.

ಪಡೆಗೆ ಜಾಗ ಬೇಕಿತ್ತು ಎಂಬುದು ಸುಳ್ಳಲ್ಲ. ಶ್ರೀರಂಗಪಟ್ಟಣದ ಜ್ವರಕ್ಕೆ ಸೈನಿಕರು ಬಲಿಯಾಗುತ್ತಿದ್ದಾಗ 1809ರಲ್ಲಿ ಬೆಂಗಳೂರಿನ ದಂಡು ಕಟ್ಟಲಾಯಿತು. ಆದರೆ 1881ರ ಹೊತ್ತಿಗೆ ಅದು ಬರೀ ಬಿಡಾರವಾಗಿರಲಿಲ್ಲ. ಹಲಸೂರು, ಇಂದಿನ ಶಿವಾಜಿನಗರದ ಸುತ್ತ ವ್ಯಾಪಾರಿಗಳು, ಕೂಲಿಗಳು, ಕುಶಲಕರ್ಮಿಗಳು ತುಂಬಿದ್ದರು. ಶ್ರೀರಂಗಪಟ್ಟಣದ ದ್ವೀಪವನ್ನು ಮೈಸೂರಿಗೆ ಕೊಟ್ಟು, ಬದಲಿಗೆ ಈ ಇಡೀ ಪೇಟೆಯನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಉಳಿಸಿಕೊಂಡರು. ಬ್ರಿಟಿಷ್ ರೆಸಿಡೆಂಟರ ಆಡಳಿತ, ಬೇರೆ ನ್ಯಾಯಾಲಯ, ಬೇರೆ ಪುರಸಭೆ. ಪಡೆಯ ಹೆಸರಿನಲ್ಲಿ ಹಿಡಿದ ನೆಲದಲ್ಲಿ ನಾಗರಿಕರ ಮೇಲೆ ಆಳ್ವಿಕೆ ನಡೆಯಿತು. ಪತ್ರದ ದೊಡ್ಡ ದೋಷ ಇದು.

ದೋಷ ಮೈಸೂರಿಗಷ್ಟೇ ಸೀಮಿತವಲ್ಲ. ಬಂಗಾಳದ ಪಡೆಗೆಂದು ಗವರ್ನರ್ ಜನರಲ್ 1836ರಲ್ಲಿ ಹೊರಡಿಸಿದ 179ನೆಯ ಆದೇಶವೂ ಇದೇ ಜಾಡಿನದು. ಕಂಟೋನ್ಮೆಂಟಿನಲ್ಲಿ ಮನೆ ಕಟ್ಟಿದವನಿಗೆ ಗೋಡೆ ಸ್ವಂತ, ನೆಲ ಸರ್ಕಾರದ್ದು. ತಿಂಗಳ ನೋಟಿಸು ಕೊಟ್ಟು, ಅನುಮತಿ ಪಡೆದು ಕಟ್ಟಿದ ಕಟ್ಟಡದ ಬೆಲೆ ತೆತ್ತು ನೆಲವನ್ನು ವಾಪಸು ತೆಗೆದುಕೊಳ್ಳಬಹುದು. ಸೇನೆಗೆ ಸೇರದವನಿಗೆ ಮನೆ ಮಾರಲು ದಂಡಿನ ಕಮಾಂಡಿಂಗ್ ಅಧಿಕಾರಿಯ ಒಪ್ಪಿಗೆ ಬೇಕು. 1923ರ ಕಂಟೋನ್ಮೆಂಟ್ ವಸತಿ ಕಾಯ್ದೆ ಬಂದಮೇಲಂತೂ ಸೇನಾಧಿಕಾರಿಗಳ ವಾಸಕ್ಕೆ ಬೇಕಾದ ಮನೆಯನ್ನು ಮಾಲೀಕ ಬಾಡಿಗೆಗೆ ಕೊಡಲೇಬೇಕು ಎನ್ನಬಹುದಿತ್ತು. 1836ರ ಆದೇಶದ ಭಾಷೆ ಖಚಿತ, ಗೊಂದಲವಿಲ್ಲ. ಬರವಣಿಗೆಯಾಗಿ ಅದನ್ನು ಮೆಚ್ಚಲೇಬೇಕು. ಕಾನೂನಾಗಿ ಅದು ಒಂದು ಕಡೆಯವರದ್ದು: ಹಿಂದಕ್ಕೆ ಪಡೆಯುವ ಹಕ್ಕಿಗೆ ಷರತ್ತುಗಳಿವೆ, ಪಡೆಯಬೇಕಾದ ಕಾರಣವನ್ನು ತೋರಿಸುವ ಹೊಣೆ ಇಲ್ಲ.

ಮೈಸೂರಿನ ದಿವಾನರು ಸ್ಟೇಷನ್ನನ್ನು ಮರಳಿ ಕೇಳುತ್ತಲೇ ಇದ್ದರು. 1881ರ ಪತ್ರದ ಜಾಗಕ್ಕೆ 1913ರಲ್ಲಿ ಒಪ್ಪಂದ ಬಂದರೂ ನೆಲ ಬರಲಿಲ್ಲ. ಬಂದದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರವೂ ಇಲ್ಲದಾಗ. 1949ರಲ್ಲಿ ಬೆಂಗಳೂರು ನಗರದ ಮತ್ತು ಸ್ಟೇಷನ್ನಿನ ಪುರಸಭೆಗಳು ಸೇರಿ ಕಾರ್ಪೊರೇಷನ್ ಆಯಿತು. ಸೇನೆಯ ಕೈಯಲ್ಲಿದ್ದ ದೊಡ್ಡ ಜಾಗಗಳು ರಕ್ಷಣಾ ಇಲಾಖೆಗೇ ಉಳಿದವು. ಇವತ್ತು ರಸ್ತೆ ಅಗಲ ಮಾಡಲು ನಗರವು ರಕ್ಷಣಾ ಇಲಾಖೆಯ ಭೂಮಿ ಕೇಳಿದಾಗ ಇಷ್ಟು ನೆಲ ಪಡೆಗೆ ಯಾಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. 1881ರ ಪತ್ರ ಉತ್ತರಿಸದೆ ಬಿಟ್ಟ ಪ್ರಶ್ನೆಯೂ ಅದೇ.