ಮೊಟ್ಟೆಯೊಳಗೆ ನೆತ್ತರಿನ ದಾರಿ

ಕೋಳಿ ಸಾಕಣೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಕಾವಿಗಿಟ್ಟ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು. ಮೈಸೂರಿನ ಉದಯಗಿರಿಯ ನಮ್ಮ ಇಕ್ಕಟ್ಟಿನ ಬೀದಿಗಳಲ್ಲಿ ಕೋಳಿ ಓಡಾಡುವ ಅಂಗಳವಿಲ್ಲ. ತಾರಸಿಯ ಮೂಲೆಯಲ್ಲೋ ಮೆಟ್ಟಿಲ ಕೆಳಗೋ ಮಂಕರಿಗೆ ಹುಲ್ಲು ಹಾಸಿ ನಾಟಿ ಹೇಂಟೆಯನ್ನು ಕಾವಿಗೆ ಕೂರಿಸಬೇಕು. ಐದನೇ ರಾತ್ರಿ ದೀಪ ಆರಿಸಿ, ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದರೆ ಸಾಕು, ಒಳಗಿನ ಲೋಕ ಕಾಣುತ್ತದೆ.

ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡದ ಕಾಲುಗಳಂತೆ ಚಾಚಿದ ಕೆಂಪು ಎಳೆಗಳು. ಎಳೆಗಳು ಸ್ಪಷ್ಟವಾಗಿದ್ದು, ಕವಲೊಡೆಯುತ್ತ ತುದಿಯಲ್ಲಿ ಕೂದಲಷ್ಟು ಸಣ್ಣಗಾಗಿದ್ದರೆ ಮರಿ ಚೆನ್ನಾಗಿ ಬೆಳೆಯುತ್ತಿದೆ. ಎಳೆಗಳಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಉಳಿದಿದ್ದರೆ ಭ್ರೂಣ ಸತ್ತಿದೆ. ಏನೂ ಕಾಣದೆ ಹಳದಿ ಬೆಳಕಷ್ಟೇ ಹರಡಿದರೆ ಆ ಮೊಟ್ಟೆಗೆ ಹುಂಜ ಕೂಡಿಲ್ಲ, ಇಲ್ಲವೇ ಭ್ರೂಣ ಮೊದಲಲ್ಲೇ ನಿಂತುಹೋಗಿದೆ.

ಎರಡನೇ ದಿನ ಮುಗಿಯುವ ಮೊದಲೇ ಹೃದಯ ಬಡಿಯತೊಡಗಿರುತ್ತದೆ. ಐದನೇ ದಿನದ ಹೊತ್ತಿಗೆ ಭ್ರೂಣದಿಂದ ಬೆಳೆದ ಎರಡು ಪೊರೆಗಳು ಬೆಸೆದು ಚಿಪ್ಪಿನ ಒಳಮೈಗೆ ಅಂಟಿಕೊಂಡು ಹರಡುತ್ತವೆ. ಹನ್ನೆರಡನೇ ದಿನದ ಸುಮಾರಿಗೆ ಈ ರಕ್ತನಾಳಗಳ ಪೊರೆ ಇಡೀ ಮೊಟ್ಟೆಯನ್ನು ಆವರಿಸುತ್ತದೆ. ಚಿಪ್ಪಿನ ಸಣ್ಣ ರಂಧ್ರಗಳಿಂದ ಆಮ್ಲಜನಕವನ್ನೂ, ಚಿಪ್ಪಿನಿಂದಲೇ ಸುಣ್ಣದ ಅಂಶವನ್ನೂ ಎಳೆದು ಮರಿಗೆ ಕೊಡುವುದು ಇದೇ ಪೊರೆ.

ಈ ನಾಳಗಳಿಗೆ ದಾರಿ ತೋರಿಸುವವರು ಯಾರು? ಉಸಿರು ಸಾಲದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ಹತ್ತಿರದ ನಾಳವನ್ನು ಕರೆಯುತ್ತವೆ. ಆದರೆ ಕರೆ ಬಂದ ಮಾತ್ರಕ್ಕೆ ನಾಳ ಚಿಗುರಲಾರದು. ಜೀವಕೋಶಗಳ ನಡುವೆ ಕೊಲಾಜನ್, ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮೊದಲಾದ ಪ್ರೋಟೀನುಗಳಿಂದಾದ ಹಂದರವೊಂದಿದೆ. ವಿಜ್ಞಾನಿಗಳು ಅದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಪೂರ್ತಿ ಬೆಳೆದ ನಾಳವನ್ನು ನಾಲ್ಕನೇ ಬಗೆಯ ಕೊಲಾಜನ್ ಮತ್ತು ಲ್ಯಾಮಿನಿನ್ ಸುತ್ತುವರಿದು ಸುಮ್ಮನಿರಿಸುತ್ತವೆ. ಚಿಗುರಬೇಕಾದಾಗ ಕೆಲವು ಕಿಣ್ವಗಳು ಆ ಹೊದಿಕೆಯನ್ನು ಕತ್ತರಿಸುತ್ತವೆ. ಹಂದರದಲ್ಲಿ ಅಡಗಿದ್ದ ವಿಇಜಿಎಫ್ ಕೂಡ ಆಗ ಬಿಡುಗಡೆಯಾಗುತ್ತದೆ. ತುದಿಯ ಜೀವಕೋಶ ಇಂಟೆಗ್ರಿನ್ ಎಂಬ ಹಿಡಿಕೆಗಳಿಂದ ಹಂದರವನ್ನು ಹಿಡಿದು ಮುಂದೆ ಸಾಗುತ್ತದೆ.

ಈ ಹಿಡಿಕೆ ಎಷ್ಟು ಮುಖ್ಯವೆಂದು ತೋರಿಸಿಕೊಟ್ಟದ್ದೂ ಕೋಳಿಮೊಟ್ಟೆಯೇ. 1994ರಲ್ಲಿ ಅಮೆರಿಕದ ಪೀಟರ್ ಬ್ರೂಕ್ಸ್, ಡೇವಿಡ್ ಚೆರೆಶ್ ಮತ್ತು ಸಂಗಡಿಗರು ಮೊಟ್ಟೆಯ ಪೊರೆಯಲ್ಲಿ ಒಂದು ಬಗೆಯ ಇಂಟೆಗ್ರಿನ್ ಕೆಲಸ ಮಾಡದಂತೆ ತಡೆದರು. ಹೊಸ ನಾಳಗಳು ಚಿಗುರುವುದು ನಿಂತಿತು, ಹಳೆಯ ನಾಳಗಳಿಗೆ ಏನೂ ಆಗಲಿಲ್ಲ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಹಂದರದ ಇನ್ನೊಂದು ಗುಣ. ಅದರ ಕೆಲವು ತುಂಡುಗಳೇ ಬೆಳವಣಿಗೆಗೆ ಕಡಿವಾಣ ಹಾಕುತ್ತವೆ. ಹದಿನೆಂಟನೇ ಬಗೆಯ ಕೊಲಾಜನ್‌ನ ಒಂದು ತುಂಡು ನಾಳಗಳ ಚಿಗುರನ್ನು ತಡೆಯುತ್ತದೆಂದು ಬಾಸ್ಟನ್‌ನ ಮೈಕೆಲ್ ಒ'ರೈಲಿ, ಜೂಡಾ ಫೋಕ್‌ಮನ್ ಮತ್ತಿತರರು 1997ರಲ್ಲಿ ತೋರಿಸಿ ಅದಕ್ಕೆ ಎಂಡೊಸ್ಟಾಟಿನ್ ಎಂದು ಹೆಸರಿಟ್ಟರು. ದಾರಿ ಬಿಡುವುದೂ ಸಾಕೆನ್ನುವುದೂ ಒಂದೇ ಹಂದರ. ಗಾಯ ಮಾಯುವಾಗ ನಾಳಗಳು ಹುಟ್ಟಿ ತಕ್ಕ ಹೊತ್ತಿಗೆ ನಿಲ್ಲುತ್ತವೆ. ಆ ಸಮತೋಲ ತಪ್ಪಿದಾಗ ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲಿ ಬೇಡದ ನಾಳಗಳು ಬೆಳೆದು ಒಡೆಯುತ್ತವೆ, ಕ್ಯಾನ್ಸರ್ ಗಡ್ಡೆ ತನಗೆ ಬೇಕಾದ ರಕ್ತವನ್ನು ಎಳೆದುಕೊಳ್ಳುತ್ತದೆ.

ಈ ವಿದ್ಯೆ ನಮ್ಮ ಊರಿಗೂ ಸೇರಿದ್ದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಭಾರತಿ ಸಾಲಿಮಠ ಮತ್ತು ಅವರ ವಿದ್ಯಾರ್ಥಿಗಳು ಹೊಸ ರಕ್ತನಾಳಗಳ ಬಗ್ಗೆ ವರ್ಷಗಟ್ಟಲೆ ದುಡಿದರು. ಅರಿಶಿನದ ಕರ್ಕ್ಯುಮಿನ್ ಈ ಚಿಗುರನ್ನು ತಗ್ಗಿಸುತ್ತದೆಂದು ಇಲಿಗಳಲ್ಲೂ ಕೋಳಿಮೊಟ್ಟೆಯ ಪೊರೆಯಲ್ಲೂ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಅರಿಶಿನದ ಹಾಲು ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಇದರ ಅರ್ಥವಲ್ಲ. ಪ್ರಯೋಗಶಾಲೆಯ ಫಲಿತಾಂಶ ಮನುಷ್ಯರಿಗೆ ಔಷಧಿಯಾಗಲು ಬಹುದೂರ ಸಾಗಬೇಕು. ಆದರೆ ನಾವು ಮನೆಯಲ್ಲಿ ಟಾರ್ಚ್ ಹಿಡಿದು ನೋಡುವ ಪೊರೆಯ ಮೇಲೆಯೇ ಮೈಸೂರಿನ ಸಂಶೋಧಕರು ಕಣ್ಣಿಟ್ಟು ಕೂತಿದ್ದರು ಎಂಬುದು ನನಗೆ ಹೆಮ್ಮೆಯ ಸಂಗತಿ.

ಆದ್ದರಿಂದ ಮೊಟ್ಟೆಯಲ್ಲಿ ಜೀವ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಕೆಳಗಿಡಬೇಡಿ. ಎಳೆಗಳು ಎಲ್ಲಿ ಕವಲೊಡೆದಿವೆ, ಎಷ್ಟು ದೂರ ಹೋಗಿವೆ ಎಂದು ಗಮನಿಸಿ. ಮನೆಯ ಮಕ್ಕಳಿಗೂ ತೋರಿಸಿ. ಕೈ ಬೆಚ್ಚಗಿರಲಿ, ಅರ್ಧ ನಿಮಿಷದೊಳಗೆ ಮೊಟ್ಟೆ ಹೇಂಟೆಯ ಅಡಿಗೆ ಮರಳಲಿ. ಉಂಗುರ ಕಂಡ ಮೊಟ್ಟೆಯನ್ನು ಅಂದೇ ತೆಗೆದುಹಾಕಿ, ಕೊಳೆತು ಒಡೆದರೆ ಉಳಿದವಕ್ಕೂ ಕೇಡು. ಹತ್ತನೇ ದಿನ ಇನ್ನೊಮ್ಮೆ ನೋಡಬಹುದು. ಹದಿನೆಂಟನೇ ದಿನದಿಂದ ಮಾತ್ರ ಮುಟ್ಟಲೇಬಾರದು. ಇಪ್ಪತ್ತೊಂದನೇ ದಿನದವರೆಗಿನ ಕೆಲಸ ಹೇಂಟೆಯದು ಮತ್ತು ಮರಿಯದು.